ಕೇಳುವವರೊಬ್ಬರು, ಹೊರುವವರೊಬ್ಬರು

ವಿಡಿಯೊ ಕಾಲ್‌ನಲ್ಲೂ ಅಂಜನ ಹಾಕುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ಈ ಸಲದ ಸಂಕ್ರಾಂತಿ ಕಳೆದ ಮೇಲೆ. ನಮ್ಮ ಬೀದಿಯ ಮನೆಯೊಂದರಲ್ಲಿ ಎರಡೆಳೆ ಸರ ಕಾಣೆಯಾಗಿತ್ತು. ‘ಮೇಷ್ಟ್ರೇ, ದೊಡ್ಡೋರು ಅಂತ ನೀವೊಬ್ಬರು ಇರಿ’ ಎಂದು ಕರೆದರು. ಹೋದೆ. ಟೀಪಾಯಿಯ ಮೇಲೆ ನೀರಿನ ಚೊಂಬಿಗೆ ಒರಗಿಸಿ ಮೊಬೈಲ್ ನಿಲ್ಲಿಸಿದ್ದರು. ಪರದೆಯಲ್ಲಿ ಯಾವುದೋ ದೂರದ ಊರಿನ ಒಬ್ಬಾತ. ಇತ್ತ ಕಡೆ ಆ ಮನೆಯ ಆರನೇ ಕ್ಲಾಸಿನ ಹುಡುಗನಿಗೆ ತಲೆಗೆ ನೀರು ಹಾಕಿ ಮಣೆಯ ಮೇಲೆ ಕೂರಿಸಿದ್ದರು. ಅವನ ಹೆಬ್ಬೆರಳಿನ ಉಗುರಿಗೆ ಕಪ್ಪು ಬಳಿದಿತ್ತು. ಆ ಕಪ್ಪು ಎರಡು ದಿನ ಮೊದಲು ಕೊರಿಯರ್‌ನಲ್ಲಿ ಬಂದದ್ದು. ದಕ್ಷಿಣೆ ಅದಕ್ಕೂ ಮೊದಲೇ ಮೊಬೈಲಿನಲ್ಲೇ ಸಂದಾಯವಾಗಿತ್ತು.

‘ಏನು ಕಾಣ್ತಾ ಇದೆ ಪುಟ್ಟ?’

‘ಏನೂ ಇಲ್ಲ.’

‘ರೆಪ್ಪೆ ಬಡೀದೆ ನೋಡು.’

ಟ್ಯೂಬ್‌ಲೈಟ್ ಆರಿಸಿ ದೀಪ ಹಚ್ಚಿದರು. ನೆಟ್‌ವರ್ಕ್ ಒಮ್ಮೆ ಹೋಯಿತು, ಬಂತು. ಹತ್ತು ನಿಮಿಷಕ್ಕೆ ಹುಡುಗ ಸೋತ. ‘ಯಾರೋ ಇದಾರೆ’ ಅಂದ. ಗಂಡಸೋ ಹೆಂಗಸೋ ಎಂದು ಪರದೆಯಿಂದ ಪ್ರಶ್ನೆ ಬಂತು. ಹುಡುಗ ಅಮ್ಮನ ಮುಖ ನೋಡಿದ. ‘ಹೆಂಗಸು.’ ನಿಂತಿದಾಳಾ, ಬಗ್ಗಿದಾಳಾ? ‘ಬಗ್ಗಿದಾಳೆ.’

ಅಷ್ಟು ಸಾಕಾಯಿತು. ಆ ಮನೆಯಲ್ಲಿ ದಿನವೂ ಬಗ್ಗುವ ಹೆಂಗಸು ಒಬ್ಬಳೇ. ಬೆಳಿಗ್ಗೆ ಏಳಕ್ಕೆ ಬಂದು ಕಸ ಗುಡಿಸಿ, ನೆಲ ಒರೆಸಿ, ಪಾತ್ರೆ ತಿಕ್ಕಿಟ್ಟು ಹೋಗುವವಳು. ಸಂಜೆಯ ಹೊತ್ತಿಗೆ ನಮ್ಮ ಬೀದಿಯ ಮೂರು ಮನೆಯವರು ಅವಳನ್ನು ಕೆಲಸದಿಂದ ಬಿಡಿಸಿದ್ದರು. ಪೊಲೀಸರಿಗೆ ದೂರು ಕೊಡಲಿಲ್ಲ, ಅವಳನ್ನು ಎದುರಿಗೆ ಕೂರಿಸಿ ಕೇಳಲೂ ಇಲ್ಲ. ನಾನು ಅಲ್ಲಿ ಕೂತಿದ್ದೆ. ಕೊಟ್ಟ ಕಾಫಿ ಕುಡಿದು, ಒಂದು ಮಾತೂ ಆಡದೆ ಎದ್ದು ಬಂದೆ. ಅವತ್ತು ಆಡದ ಮಾತನ್ನು ಈಗ ಬರೆಯುತ್ತಿದ್ದೇನೆ.

ಮೂಢನಂಬಿಕೆಯ ಮೇಲೆ ಇನ್ನೊಂದು ಭಾಷಣ ಶುರುವಾಯಿತು ಎಂದು ಪುಟ ತಿರುಗಿಸಬೇಡಿ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಿಜ, ಆದರೆ ಅದಕ್ಕೂ ಮೊದಲು ಚೌಡಮ್ಮನ ಪೂಜಾರಿಯ ಮೊಮ್ಮಗ. ಕಡೂರು ಕಡೆಯ ನಮ್ಮ ಊರಲ್ಲಿ ಬೋರ್‌ವೆಲ್‌ಗೆ ಜಾಗ, ಮಗನ ಮದುವೆ, ಎತ್ತಿನ ಜೋಡಿ, ಯಾವುದಕ್ಕಾದರೂ ಸರಿ, ನಮ್ಮಜ್ಜನ ಹತ್ತಿರ ಬಂದು ‘ಅಮ್ಮನ್ನ ಒಂದು ಮಾತು ಕೇಳು ಪೂಜಾರಪ್ಪ’ ಅನ್ನುತ್ತಿದ್ದರು. ಅಜ್ಜ ಕಣಗಲೆ ಹೂವಿನ ಎರಡು ಎಸಳು ಆರಿಸಿ, ತೀರ್ಥದಲ್ಲಿ ಅದ್ದಿ, ಕಲ್ಲಿನ ಅಮ್ಮನ ಎರಡು ಭುಜಕ್ಕೂ ಒಂದೊಂದು ಅಂಟಿಸುತ್ತಿದ್ದ. ಆಮೇಲೆ ಎಲ್ಲರೂ ಸುಮ್ಮನೆ ಕೂರಬೇಕು. ಬಲಗಡೆಯದು ಮೊದಲು ಉದುರಿದರೆ ಅಪ್ಪಣೆ, ಎಡಗಡೆಯದಾದರೆ ಬೇಡ. ಕೆಲವು ಸಲ ಐದು ನಿಮಿಷ, ಕೆಲವು ಸಲ ಒಂದು ತಾಸು. ಎಸಳಿನ ಒಂದು ಅಂಚು ಕಲ್ಲಿನಿಂದ ಬಿಟ್ಟು ಕೊಂಚ ಸುರುಟಿಕೊಳ್ಳುವುದು ಕಾಣುತ್ತಿತ್ತು. ಆಗ ಗರ್ಭಗುಡಿಯ ಹೊರಗೆ ಕೂತವರ ಉಸಿರೂ ಕೇಳುತ್ತಿತ್ತು.

ನೀರು ಹೊತ್ತು ತರುವುದು, ಎಸಳು ಅದ್ದುವ ಬಟ್ಟಲು ಹಿಡಿಯುವುದು ನನ್ನ ಕೆಲಸ. ಏಳನೇ ಕ್ಲಾಸಿನಲ್ಲಿ ವಿಜ್ಞಾನ ತಲೆಗೆ ಹತ್ತಿದ ಹೊಸತು. ನಂದಾದೀಪ ನೇತಾಡುತ್ತಿದ್ದುದು ಅಮ್ಮನ ಬಲಗಡೆ. ಆ ಕಡೆಯ ಎಸಳು ಬೇಗ ಒಣಗಲೇಬೇಕಲ್ಲ? ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ನಾನೇ ಎಸಳು ಅಂಟಿಸಿ ನೋಡಿದೆ. ಇಪ್ಪತ್ತು ಸಲದಲ್ಲಿ ಹದಿನಾಲ್ಕು ಸಲ ಬಲಕ್ಕೇ ಬಿತ್ತು. ಗೆದ್ದವನ ಹಾಗೆ ಹೋಗಿ ಅಜ್ಜನಿಗೆ ಹೇಳಿದೆ. ಅಜ್ಜ ಎಲೆಯಡಿಕೆ ಅಗಿಯುತ್ತ ಕೇಳಿಸಿಕೊಂಡು, ‘ದೀಪಾನ ಅಲ್ಲಿಗೆ ಕಟ್ಟಿದ್ದು ಯಾರು ಅಂತ ಕೇಳಲಿಲ್ವಲ್ಲ ನೀನು’ ಅಂದ. ಇನ್ನೊಂದು ಸಲ ಅಗಿದು, ‘ಬರೋರೆಲ್ಲ ಹೂಂ ಅನ್ನಿಸ್ಕೊಳ್ಳೋಕೇ ಬರೋದು ಕಣ್ಲಾ. ಉಳಿದ ಆರು ಸಲ ಬೇಡ ಅಂತಾಳಲ್ಲ, ಅದು ಅವಳದ್ದು’ ಅಂದ.

ಆ ಎಸಳುಗಳು ಮಾಡಿದ ಒಂದು ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಣ್ಣತಮ್ಮಂದಿರಿಬ್ಬರ ಪಾಲು. ಕೆರೆ ಕೆಳಗಿನ ಗದ್ದೆ ಒಂದು, ದಿಬ್ಬದ ಹೊಲ ಒಂದು. ಮೂರು ತಿಂಗಳು ಪಂಚಾಯ್ತಿ ಕೂತರೂ ಮುಗಿಯಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿ ಗುಡಿಗೆ ಬಂದರು. ಬಲಕ್ಕೆ ಬಿದ್ದರೆ ಗದ್ದೆ ಅಣ್ಣನಿಗೆ, ಎಡಕ್ಕೆ ಬಿದ್ದರೆ ತಮ್ಮನಿಗೆ. ಎಡಕ್ಕೆ ಬಿತ್ತು. ಅಣ್ಣ ಎದ್ದು ಪಂಚೆ ಕೊಡವಿಕೊಂಡು, ‘ಅಮ್ಮ ಕೊಟ್ಟಿದ್ದು’ ಎಂದಷ್ಟೇ ಅಂದು ಹೋದ. ದಿಬ್ಬದಲ್ಲಿ ರಾಗಿ, ಹುರುಳಿ ಬೆಳೆದುಕೊಂಡು ಸಾಯುವ ತನಕ ತಮ್ಮನ ಮನೆಗೆ ಹಬ್ಬಕ್ಕೆ ಹೋಗುತ್ತಿದ್ದ. ಚೀಟಿ ಎತ್ತಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ಚೀಟಿಯನ್ನು ಯಾರೋ ಒಬ್ಬ ಬರೆಯಬೇಕು, ಮಡಚಬೇಕು. ಆ ಮಡಿಕೆಯಲ್ಲೇ ಅನುಮಾನ ಹುಟ್ಟುತ್ತದೆ. ಹಾಗೆಂದು ಚೀಟಿಯನ್ನು ಹಗುರವಾಗಿ ಕಾಣುವ ಹಾಗೂ ಇಲ್ಲ. 1951ರ ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮು ಹೇಳುವುದೇ ಅದನ್ನು: ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಂದರೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಲೋಕಸಭೆಯ ಸೀಟಿಗೂ ಅದೇ ಕಾನೂನು.

ಬಲ ಎಡದ ಈ ಲೆಕ್ಕ ನಮ್ಮದೊಂದೇ ಅಲ್ಲ ಅನ್ನುವುದು ಓದುತ್ತ ಓದುತ್ತ ತಿಳಿಯಿತು. ಮೂರು ಸಾವಿರ ವರ್ಷದ ಕೆಳಗೆ ಚೀನಾದ ಶಾಂಗ್ ರಾಜರು ಆಮೆಯ ಹೊಟ್ಟೆ ಕಡೆಯ ಚಿಪ್ಪಿನ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಚಿಪ್ಪಿನ ಹಿಂಬದಿಗೆ ಸಣ್ಣ ಗುಳಿ ಕೊರೆದು, ಅಲ್ಲಿಗೆ ಕೆಂಡದಂಥ ಬಿಸಿ ತಾಗಿಸಿದರೆ ಮುಂದುಗಡೆ ಚಟ್ ಎಂದು ಬಿರುಕು ಬಿಡುತ್ತಿತ್ತು: ಉದ್ದಕ್ಕೊಂದು ಗೆರೆ, ಅದರ ಪಕ್ಕಕ್ಕೆ ಚಾಚಿದ ಗಿಡ್ಡ ಗೆರೆ. ಶಕುನ ಕೇಳುವುದಕ್ಕೆ ಚೀನೀ ಲಿಪಿಯಲ್ಲಿರುವ ಅಕ್ಷರ ಇವತ್ತಿಗೂ ಆ ಬಿರುಕಿನ ಆಕಾರದ್ದೇ. ಪ್ರಶ್ನೆಯನ್ನು ಜೋಡಿಯಾಗಿ ಕೆತ್ತುವುದು ವಾಡಿಕೆ. ‘ಮಳೆ ಬರುತ್ತದೆ’ ಎಂದು ಬಲಗಡೆ, ‘ಬರುವುದಿಲ್ಲ’ ಎಂದು ಎಡಗಡೆ. ನನ್ನ ಅಜ್ಜ ಶಾಂಗ್ ಹೆಸರನ್ನೇ ಕೇಳಿದವನಲ್ಲ.

ಈ ಚಿಪ್ಪುಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಕೇಳಿದ್ದನ್ನು ಕೆತ್ತಿದರು, ರಾಜ ಬಿರುಕು ನೋಡಿ ಏನು ಹೇಳಿದ ಅನ್ನುವುದನ್ನು ಕೆತ್ತಿದರು. ಎಷ್ಟೋ ಸಲ ಕೊನೆಗೆ ಏನಾಯಿತು ಎಂಬುದನ್ನೂ ಕೆತ್ತಿಟ್ಟರು. ನಮ್ಮ ಟಿ.ವಿ. ಜ್ಯೋತಿಷಿಗಳಲ್ಲಿ ಒಬ್ಬರಾದರೂ ವರ್ಷದ ಕೊನೆಗೆ ಹಾಗೆ ಬರೆದಿಟ್ಟದ್ದನ್ನು ನಾನು ಕಂಡಿಲ್ಲ. ರಾಜ ವೂ ಡಿಂಗ್‌ನ ಹೆಂಡತಿ ಫೂ ಹಾವ್ ಬಸುರಿ. ಸೈನ್ಯ ನಡೆಸಿದ ಹೆಣ್ಣು ಅವಳು, 1976ರಲ್ಲಿ ಆನ್‌ಯಾಂಗ್‌ನಲ್ಲಿ ಅವಳ ಸಮಾಧಿಯೇ ಸಿಕ್ಕಿತು. ಹೆರಿಗೆ ಶುಭವಾಗುತ್ತದೆಯೇ ಎಂದು ಕೇಳಿದ್ದಾರೆ. ಇಂಥ ದಿನ ಹೆತ್ತರೆ ಒಳ್ಳೆಯದು ಎಂದು ರಾಜ ಬಿರುಕು ಓದಿದ್ದಾನೆ. ಮೂವತ್ತೊಂದು ದಿನದ ಮೇಲೆ ಬೇರೆಯೇ ದಿನ ಹೆರಿಗೆಯಾಯಿತು, ಶುಭವಾಗಲಿಲ್ಲ, ಹೆಣ್ಣು ಹುಟ್ಟಿತು ಎಂದು ಕೊನೆಯಲ್ಲಿ ಕೆತ್ತಿದೆ.

ಇಲ್ಲಿ ನನಗೆ ಮೊದಲ ಸಲ ಮುಳ್ಳು ಚುಚ್ಚಿತು. ಪ್ರಶ್ನೆ ರಾಜನದು, ಉತ್ತರ ಹೊತ್ತದ್ದು ಆ ಕೂಸು. ಅದೇ ರಾಶಿಯ ಬೇರೆ ಚಿಪ್ಪುಗಳಲ್ಲಿ, ಇಂಥ ಹಿರಿಯನಿಗೆ ಇಷ್ಟು ಸೆರೆಯಾಳುಗಳನ್ನು ಬಲಿ ಕೊಡೋಣವೇ ಎಂಬ ಪ್ರಶ್ನೆಗಳೂ ಇವೆ. ಬಿರುಕಿಗೆ ಏನು ಗೊತ್ತು? ಮಳೆಗೂ ಅದೇ ಆಕಾರ, ಬಲಿಗೂ ಅದೇ ಆಕಾರ.

ಕೆನಡಾದ ಲ್ಯಾಬ್ರಡಾರ್ ಕಡೆಯ ನಾಸ್ಕಾಪಿ ಬೇಟೆಗಾರರದು ಇನ್ನೊಂದು ಬಗೆ. ಕ್ಯಾರಿಬೂ ಎಂಬ ಹಿಮಸಾರಂಗದ ಹೆಗಲ ಮೂಳೆಯನ್ನು ಬೆಂಕಿಗೆ ಹಿಡಿದು, ಬಿದ್ದ ಬಿರುಕು ಸುಟ್ಟ ಕಲೆಗಳನ್ನೇ ನಕ್ಷೆ ಎಂದುಕೊಂಡು ಅದು ತೋರಿಸಿದ ದಿಕ್ಕಿಗೆ ಬೇಟೆಗೆ ಹೋಗುತ್ತಿದ್ದರು. ಮನೆಯಲ್ಲಿ ಆಹಾರ ಮುಗಿದು, ಮೃಗ ಎಲ್ಲಿದೆಯೋ ತೋಚದಾಗ. 1957ರಲ್ಲಿ ಒಮರ್ ಖಯ್ಯಾಮ್ ಮೂರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ (ಹೆಸರು ನಿಜವಾಗಿಯೂ ಅದೇ) ಇದಕ್ಕೊಂದು ಅರ್ಥ ಹೇಳಿದರು. ಮನುಷ್ಯ ತನ್ನ ಬುದ್ಧಿಯನ್ನೇ ನಂಬಿದರೆ ಹೋದ ಸಲ ಸಿಕ್ಕಿದ ಕಡೆಗೇ ಮತ್ತೆ ಹೋಗುತ್ತಾನೆ; ಮೃಗವೂ ಅದನ್ನು ಕಲಿತುಬಿಡುತ್ತದೆ. ಮೂಳೆಗೆ ಹಳೆಯ ನೆನಪಿಲ್ಲ, ಆದ್ದರಿಂದ ಬೇಟೆಗಾರನನ್ನು ಅವನ ಚಾಳಿಯಿಂದ ಬಿಡಿಸುತ್ತದೆ. ಈ ವಾದವನ್ನು ಒಪ್ಪದವರೂ ಇದ್ದಾರೆ, ಮೂಳೆ ಹೇಳಿತೆಂದು ಬೇಟೆಗಾರರು ಎಲ್ಲ ಸಲವೂ ಕೇಳುತ್ತಿರಲಿಲ್ಲ ಎಂದು. ಇರಲಿ. ನನಗೆ ಹಿಡಿಸುವುದು ಬೇರೆ: ಮೂಳೆ ಸುಟ್ಟು ದಿಕ್ಕು ಕೇಳಿದವನೇ ಹಿಮದಲ್ಲಿ ನಡೆಯಬೇಕು. ತಪ್ಪಿದರೆ ಹಸಿಯುವುದು ಅವನ ಹೊಟ್ಟೆಯೇ.

ರೋಮನ್ನರ ಕೋಳಿಗಳ ಕಥೆ ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚೂ ಎಚ್ಚರವಾಗುತ್ತಿತ್ತು. ಯುದ್ಧಕ್ಕೆ ಮೊದಲು ಪವಿತ್ರ ಕೋಳಿಗಳಿಗೆ ಕಾಳು ಹಾಕಿ, ಗಬಗಬ ತಿಂದರೆ ಶುಭ ಎಂದು ಲೆಕ್ಕ. ಕ್ರಿ.ಪೂ. 249ರಲ್ಲಿ ಡ್ರೆಪಾನದ ಕಡಲ ಕಾಳಗಕ್ಕೆ ಹೊರಟ ಕ್ಲಾಡಿಯಸ್ ಪುಲ್ಚರ್‌ನ ಹಡಗಿನಲ್ಲಿ ಕೋಳಿಗಳು ಕಾಳು ಮುಟ್ಟಲಿಲ್ಲವಂತೆ. ತಿನ್ನದಿದ್ದರೆ ಕುಡಿಯಲಿ ಎಂದು ಎತ್ತಿ ಸಮುದ್ರಕ್ಕೆ ಹಾಕಿಸಿದನಂತೆ. ಸೋತ, ತೊಂಬತ್ತಕ್ಕೂ ಹೆಚ್ಚು ಹಡಗು ಹೋದವು. ಈ ಕಥೆಯನ್ನು ನಮಗೆ ಉಳಿಸಿಕೊಟ್ಟವರಲ್ಲಿ ಸಿಸೆರೊ ಒಬ್ಬ. ಅವನು ಸ್ವತಃ ಶಕುನ ನೋಡುವ ಸರಕಾರಿ ಪಟ್ಟದಲ್ಲಿದ್ದವನು. ಆ ಪಟ್ಟದಲ್ಲಿದ್ದುಕೊಂಡೇ ಕ್ರಿ.ಪೂ. 44ರಲ್ಲಿ ಶಕುನಗಳನ್ನು ಒಂದೊಂದಾಗಿ ಬಿಡಿಸಿ ನಗುವ ಪುಸ್ತಕ ಬರೆದ. ನಮ್ಮಜ್ಜನೂ ಅವನೂ ಜಗಲಿಯಲ್ಲಿ ಕೂತಿದ್ದರೆ ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರೋ ಏನೋ.

ಅಜ್ಜ ಕೆಲವು ಪ್ರಶ್ನೆಗಳನ್ನು ಕೇಳುತ್ತಲೇ ಇರಲಿಲ್ಲ. ಒಂದು ಸಲ ಊರಿನ ದೊಡ್ಡ ಮನೆಯವರು ಬೆಳ್ಳಿ ಡಾಬು ಕಳೆದುಹೋಗಿದೆ, ಕದ್ದವರು ಯಾರು ಕೇಳು ಎಂದು ಬಂದರು. ಅಮ್ಮ ಹೆಸರು ಹೇಳಲ್ಲ, ಬಲ ಎಡ ಅಷ್ಟೇ ಅಂದ ಅಜ್ಜ. ಅವರು ಬುದ್ಧಿವಂತರು. ‘ಹಂಗಾದ್ರೆ ಒಬ್ಬೊಬ್ಬರದೇ ಹೆಸರು ಹೇಳ್ತೀವಿ, ಹೌದೋ ಅಲ್ವೋ ಕೇಳು’ ಎಂದು ಬೆರಳು ಮಡಚಿ ಎಣಿಸತೊಡಗಿದರು: ಜೀತದ ಹುಡುಗ, ಅವನ ತಾಯಿ, ಸಗಣಿ ಬಾಚುವವಳು, ಹೊಸದಾಗಿ ಬಂದ ಸೊಸೆ. ಅಜ್ಜ ಬಟ್ಟಲಿನ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ‘ಕೇಳೋನೇ ಹೊರಬೇಕು. ನೀವು ಕೇಳಿ ಅವರ ತಲೆ ಮೇಲೆ ಹೊರಿಸೋ ಹಂಗಿದ್ರೆ ಬೇರೆ ಗುಡಿ ನೋಡ್ಕೊಳ್ಳಿ’ ಅಂದ. ಆ ವರ್ಷ ದೊಡ್ಡ ಮನೆಯಿಂದ ಗುಡಿಗೆ ಎಣ್ಣೆ ಬರಲಿಲ್ಲ.

ಅಜ್ಜನನ್ನು ಹೊಗಳಿ ಅಟ್ಟಕ್ಕೇರಿಸಲು ನನಗೂ ಆಸೆಯೇ. ಆದರೆ ಮಗಳ ಮದುವೆಗೆ ಹೂ ಕೇಳಿದಾಗ ಅದೇ ಅಜ್ಜನಿಗೆ ತನ್ನ ಕಟ್ಟಳೆ ಮರೆತುಹೋಗಿತ್ತು. ನಮ್ಮತ್ತೆ ಆಗ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಗುಡಿಯಲ್ಲಿ ಕೂತಿದ್ದವರು ಗಂಡಸರು. ‘ಹೂ ಬಲಕ್ಕೆ ಬಿತ್ತು, ನಾನು ಎಡಕ್ಕೆ ಬಿದ್ದೆ’ ಎಂದು ಅತ್ತೆ ಕೊನೆಯವರೆಗೂ ಅನ್ನುತ್ತಿದ್ದಳು. ಅಜ್ಜ ಎದುರಿಗಿದ್ದರೂ ಅನ್ನುತ್ತಿದ್ದಳು.

ಅಂಜನದ ವಿಷಯಕ್ಕೆ ಬರುತ್ತೇನೆ. ನನ್ನ ಸೋದರಮಾವ ಚಿಕ್ಕಂದಿನಲ್ಲಿ ಅಂಜನ ನೋಡಲು ಕೂತವನು. ವೀಳ್ಯದೆಲೆಯ ಕಪ್ಪಿನಲ್ಲಿ ಮೊದಲು ಒಬ್ಬ ಬಂದು ಕಸ ಗುಡಿಸುತ್ತಾನೆ, ನೀರು ಚಿಮುಕಿಸುತ್ತಾನೆ, ಕುರ್ಚಿ ಹಾಕುತ್ತಾನೆ, ಆಮೇಲೆ ಆಂಜನೇಯ ಬಂದು ಕೂರುತ್ತಾನೆ ಎಂದು ನಮಗೆಲ್ಲ ಹೇಳುತ್ತಿದ್ದ. ಎಷ್ಟೋ ವರ್ಷದ ಮೇಲೆ, ಎಡ್ವರ್ಡ್ ಲೇನ್ ಎಂಬ ಇಂಗ್ಲಿಷಿನವನು 1836ರಲ್ಲಿ ಈಜಿಪ್ಟಿನ ಜನಜೀವನದ ಮೇಲೆ ಬರೆದ ಪುಸ್ತಕ ಓದುವಾಗ ಬೆಚ್ಚಿದೆ. ಕೈರೊದಲ್ಲಿ ಮಂತ್ರವಾದಿ ಹುಡುಗನ ಅಂಗೈಗೆ ಶಾಯಿ ಹಾಕಿ ನೋಡಿಸುತ್ತಾನೆ. ಹುಡುಗನಿಗೆ ಮೊದಲು ಕಾಣುವುದು ನೆಲ ಗುಡಿಸುವವನು! ಆಮೇಲೆ ಬಾವುಟಗಳು, ಡೇರೆ, ಕೊನೆಗೆ ಸುಲ್ತಾನ. ಆಂಜನೇಯನ ಜಾಗದಲ್ಲಿ ಸುಲ್ತಾನ ಕೂತಿದ್ದಾನೆ, ಕಸ ಗುಡಿಸುವವನು ಮಾತ್ರ ಎರಡೂ ಕಡೆ ಅವನೇ.

ಲೇನ್‌ಗೆ ಈ ಶಾಯಿಯ ವಿಷಯ ತಿಳಿದದ್ದು ಹೆನ್ರಿ ಸಾಲ್ಟ್ ಎಂಬ ಬ್ರಿಟಿಷ್ ಕಾನ್ಸಲ್‌ನಿಂದ. ಸಾಲ್ಟ್‌ನ ಮನೆಯಲ್ಲಿ ಕೆಲವು ಸಾಮಾನು ಕಳುವಾಗಿದ್ದವು. ಕದ್ದವನು ತನ್ನ ಆಳುಗಳಲ್ಲೇ ಒಬ್ಬ ಎಂದು ಅವನಿಗೆ ಅನುಮಾನ. ಹೆದರಿಸಿದರೆ ಒಪ್ಪಿಕೊಳ್ಳುತ್ತಾರೆಂದು ಮಂತ್ರವಾದಿಯನ್ನು ಕರೆಸಿದ. ಹುಡುಗ ಶಾಯಿಯಲ್ಲಿ ಒಂದು ಚಹರೆ ಕಂಡ. ಇವನು ನನಗೆ ಗೊತ್ತು ಎಂದು ಆ ಹುಡುಗನೇ ಓಡಿಹೋಗಿ ತೋಟದ ಕೂಲಿಯೊಬ್ಬನನ್ನು ಹಿಡಿದ, ಆತ ತಪ್ಪೊಪ್ಪಿಕೊಂಡ. ಆ ಕೂಲಿ ನಿಜವಾಗಿಯೂ ಕದ್ದಿರಬಹುದು. ಹಾಗಿದ್ದರೂ ಶಾಯಿ ಸುರಿಯುವ ಮೊದಲೇ ಪಟ್ಟಿ ಸಿದ್ಧವಾಗಿತ್ತಲ್ಲ? ಕಾನ್ಸಲ್ ಸಾಹೇಬರ ಊಟದ ಮೇಜಿಗೆ ಬರುತ್ತಿದ್ದ ಬಿಳಿಯ ಅತಿಥಿಗಳು ಆ ಪಟ್ಟಿಯಲ್ಲಿದ್ದರೇ? ನಮ್ಮ ಬೀದಿಯ ಮನೆಗೆ ಸಂಕ್ರಾಂತಿಗೆ ನೆಂಟರು ಬಂದಿದ್ದರು, ಎಳ್ಳು ಬೀರಲು ಹತ್ತಾರು ಹೆಂಗಸರು ಬಂದು ಹೋಗಿದ್ದರು. ಉಗುರಿನಲ್ಲಿ ಕಂಡ ಹೆಂಗಸು ನಿಂತಿದ್ದರೆ ಕಷ್ಟವಿತ್ತು. ಬಗ್ಗಿದ್ದಳು, ಸಲೀಸಾಯಿತು.

‘ಯಾರು’ ಎಂದು ಕೇಳಿಯೂ ಬಾಗಿಲು ತೆರೆದಿಟ್ಟ ಜನರಿದ್ದರು. ದಕ್ಷಿಣ ಸುಡಾನ್, ಕಾಂಗೊ ಗಡಿಯ ಅಜಾಂಡೆಗಳು ಕೋಳಿಮರಿಗೆ ವಿಷ ಕುಡಿಸಿ ಕೇಳುತ್ತಿದ್ದರು. ಮರಿ ಸತ್ತರೆ ಹೌದು ಎಂದು ಒಮ್ಮೆ. ಬದುಕಿದರೆ ಹೌದು ಎಂದು ಪ್ರಶ್ನೆ ತಿರುಗಿಸಿ ಇನ್ನೊಂದು ಮರಿಗೆ ಮತ್ತೊಮ್ಮೆ. ಎರಡೂ ತಾಳೆಯಾದರೇ ಉತ್ತರ. ಅವರ ನಡುವೆ ಬಾಳಿದ ಮಾನವಶಾಸ್ತ್ರಜ್ಞ ಎವಾನ್ಸ್ ಪ್ರಿಚರ್ಡ್ ತಾನೂ ಮನೆವಾರ್ತೆಗೆ ಇದನ್ನೇ ಬಳಸುತ್ತಿದ್ದೆ, ಬೇರೆ ಯಾವ ದಾರಿಗಿಂತ ಕಡಿಮೆಯಿರಲಿಲ್ಲ ಎಂದು 1937ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಮನೆಯಲ್ಲಿ ಯಾರಿಗೋ ಕಾಯಿಲೆ, ಮಾಟ ಮಾಡಿದವನು ಇಂಥವನು ಎಂದು ವಿಷ ಹೇಳಿತು ಅನ್ನಿ. ಅವನ ಮನೆಗೆ ಸತ್ತ ಕೋಳಿಯ ರೆಕ್ಕೆಯನ್ನು ಕಳಿಸುತ್ತಾರೆ. ಅವನು ಬಾಯಿಗೆ ನೀರು ತುಂಬಿಕೊಂಡು ರೆಕ್ಕೆಯ ಮೇಲೆ ಉಗ್ಗಿ, ನನಗೇನೂ ಗೊತ್ತಿಲ್ಲ, ನನ್ನೊಳಗೆ ಅಂಥದ್ದೇನಾದರೂ ಇದ್ದರೆ ತಣ್ಣಗಾಗಲಿ ಅನ್ನುತ್ತಾನೆ. ಅಲ್ಲಿಗೆ ಅವನ ಮಟ್ಟಿಗೆ ಮುಗಿಯಿತು. ಸಾವಿನ ವಿಷಯದಲ್ಲಿ ಇಷ್ಟು ಸುಲಭವಿರಲಿಲ್ಲ ಎನ್ನುವುದನ್ನು ಮುಚ್ಚಿಡಬಾರದು. ಆದರೂ ಒಂದು ಬಾಯಿ ನೀರಿನಷ್ಟು ಅವಕಾಶವನ್ನು ಅವರು ಆಪಾದಿತನಿಗೆ ಕೊಟ್ಟರು. ನಮ್ಮ ಬೀದಿಯವಳಿಗೆ ಅದೂ ಸಿಗಲಿಲ್ಲ.

ನಮ್ಮಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಪದ್ಧತಿಗಳ ಪಟ್ಟಿ ಹಿಡಿದು ಕೂರುತ್ತೇವೆ. ಯಾವುದು ನಂಬಿಕೆ, ಯಾವುದು ಮೂಢ? ವರ್ಷಗಟ್ಟಲೆ ಎಳೆದಾಡಿ 2017ರಲ್ಲಿ ವಾಮಾಚಾರ ತಡೆ ಕಾಯ್ದೆ ಮಾಡಿದೆವು, 2020ರಲ್ಲಿ ಜಾರಿಗೆ ಬಂತು. ನಿಧಿಗಾಗಿ ಮಾಟ, ದೆವ್ವ ಬಿಡಿಸುವ ನೆಪದ ಹಿಂಸೆ, ಎಂಜಲೆಲೆಯ ಮೇಲೆ ಉರುಳುವುದು ಒಳಗೆ. ಜ್ಯೋತಿಷ್ಯ, ವಾಸ್ತು ಸಲಹೆ ಹೊರಗೆ. ನನಗೆ ಈ ಗೆರೆ ಎಳೆದ ಜಾಗದ ಮೇಲೇ ತಕರಾರು. ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಲಕ್ಷ ಜನರ ಮುಂದೆ ಒಂದು ಸಾಲು ಕಾರಣಿಕ ನುಡಿದು ಬೀಳುತ್ತಾನೆ. ಮಳೆಬೆಳೆಯೋ ರಾಜಕೀಯವೋ ಎಂದು ಜನ ವಾರಗಟ್ಟಲೆ ಅರ್ಥ ಹಚ್ಚುತ್ತಾರೆ, ಯಾವ ಬಡವಳ ಕೆಲಸವೂ ಅದರಿಂದ ಹೋಗುವುದಿಲ್ಲ. ಅದನ್ನು ಯಾಕೆ ಮುಟ್ಟಬೇಕು? ಅದೇ, ಅಚ್ಚುಕಟ್ಟಾಗಿ ಪಂಚಾಂಗ ಹರಡಿಕೊಂಡು ಕೂತ ವಿದ್ವಾಂಸರು ‘ಮನೆಗೆ ಬಂದ ಹೊಸ ಹೆಣ್ಣಿನ ಕಾಲ್ಗುಣ’ ಎಂದು ಮೆಲ್ಲಗೆ ಹೇಳಿ ಕಳಿಸಿದರೆ ಒಂದು ಬಾಳು ಮುಗಿಯಿತು. ಬಿಹಾರ 1999ರಲ್ಲಿ ಮಾಡಿದ ಕಾನೂನು ಈ ವಿಷಯದಲ್ಲಿ ನಮ್ಮದಕ್ಕಿಂತ ನೇರ: ಹೆಂಗಸೊಬ್ಬಳನ್ನು ‘ಡಾಯನ್’ ಎಂದು ಗುರುತಿಸುವುದೇ ಅಲ್ಲಿ ಅಪರಾಧ. ಹೇಗೆ ಗುರುತಿಸಿದೆ, ಅಕ್ಕಿ ಕಾಳಿನಲ್ಲೋ ಎಣ್ಣೆಯಲ್ಲೋ ಎಂದು ಅದು ಕೇಳುವುದಿಲ್ಲ. ಅಂಜನ, ಕವಡೆ, ಕುಂಡಲಿ, ಮೈಮೇಲೆ ಬಂದ ದೇವರು, ಯಾವುದರ ಹೆಸರಲ್ಲಾದರೂ ಸರಿ, ಎದುರಿಗಿಲ್ಲದ ಒಬ್ಬರ ಮೇಲೆ ತಪ್ಪು ಹೊರಿಸಿ ಹೇಳುವುದನ್ನು ನಮ್ಮ ಕಾಯ್ದೆಯೂ ಹಾಗೆ ನೇರವಾಗಿ ಹಿಡಿಯಬೇಕು. ಹೇಳಿದವನನ್ನಷ್ಟೇ ಅಲ್ಲ, ಹಣ ಕೊಟ್ಟು ಹೇಳಿಸಿದವರನ್ನೂ. ಮಾನನಷ್ಟಕ್ಕೆ ಕಾನೂನು ಇದೆಯಲ್ಲ ಎನ್ನುವ ವಕೀಲ ಮಿತ್ರರು, ನೆಲ ಒರೆಸುವವಳು ಯಾವ ಕೋರ್ಟಿಗೆ ಯಾವ ಹೊತ್ತಿನಲ್ಲಿ ಹೋಗಬೇಕು ಎಂಬುದನ್ನೂ ಹೇಳಲಿ.

ಸರ ಇನ್ನೂ ಸಿಕ್ಕಿಲ್ಲ. ಆ ಮನೆಯವರು ನನ್ನನ್ನು ನೋಡಿದರೆ ಈಗಲೂ ನಮಸ್ಕಾರ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ಯಾರೂ ಇರಲಿಲ್ಲ. ನನ್ನ ಹೆಂಡತಿ ಹುಡುಕಿಕೊಂಡು ಹೋಗಿ ಅವಳನ್ನು ಕರೆತಂದಳು. ಬಂದ ಮೊದಲ ದಿನ ಅವಳು ಪೊರಕೆ ಹಿಡಿದು ಕೋಣೆಯ ಹೊಸ್ತಿಲಲ್ಲೇ ನಿಂತು, ‘ಅಮ್ಮ, ನಾನು ಗುಡಿಸೋವಾಗ ನೀವು ಇಲ್ಲೇ ಕೂತ್ಕೊಳ್ಳಿ’ ಅಂದಳು. ಅವರೆಕಾಯಿ ಕಾಲವಾಗಿತ್ತು. ಹೆಂಡತಿ ಮೊರ ತಂದುಕೊಂಡು ಮಂಚದ ಮೇಲೆ ಕೂತು ಕಾಯಿ ಬಿಡಿಸುತ್ತಿದ್ದಳು. ಈಗ ಅವರೆಕಾಯಿ ಮುಗಿದಿದೆ. ಸುಮ್ಮನೆ ಕೂರುತ್ತಾಳೆ.